ಚಳಿಗಾಲದ ಆಮೆಗೆ ಮೊದಲು ಬಿಸುಪು, ಆಮೇಲೆ ತುತ್ತು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಅವಳು ಇಬ್ಬರು ಮಕ್ಕಳ ತಾಯಿ, ಬೆಂಗಳೂರಿನಲ್ಲೇ ವಾಸ. ಕುಶಲ ವಿಚಾರಿಸಿದ ಮೇಲೆ ಮಾತಿನ ನಡುವೆ, "ಸಾರ್, ನಮ್ಮ ಮನೆಯ ಆಮೆ ಹತ್ತು ದಿನದಿಂದ ಏನನ್ನೂ ಮುಟ್ಟುತ್ತಿಲ್ಲ. ಮಕ್ಕಳಿಗೆ ಗಾಬರಿ. ಚಳಿಗಾಲವಲ್ಲವೇ, ಅದು ನಿದ್ದೆಯಲ್ಲಿದೆ, ಮುಟ್ಟಬೇಡಿ ಎಂದು ಹೇಳಿದ್ದೇನೆ. ನೀವೇ ಪಾಠ ಮಾಡಿದ್ದಿರಲ್ಲ, ಶಿಶಿರನಿದ್ರೆ ಎಂದು!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. "ತಾಯೀ, ಮೊದಲು ಆ ನೀರಿಗೆ ಒಂದು ಉಷ್ಣಮಾಪಕ ಹಾಕಿ ನೋಡು. ಸಂಜೆಯೊಳಗೆ ನನಗೆ ಹೇಳು" ಎಂದೆ. ಅವಳಿಗೆ ಆಶ್ಚರ್ಯವಾಗಿರಬೇಕು. ಆ ಆಶ್ಚರ್ಯಕ್ಕೆ ಉತ್ತರವಾಗಿ ಈ ಬರಹ. ಇದನ್ನು ತಪ್ಪೊಪ್ಪಿಗೆಯೆಂದು ಓದಿಕೊಂಡರೂ ನನ್ನ ಅಭ್ಯಂತರವಿಲ್ಲ. ಮೂವತ್ತೊಂದು ವರ್ಷ ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿದ ನಾನು, ಒಂದು ಪಾಠವನ್ನು ಅರ್ಧಕ್ಕೆ ನಿಲ್ಲಿಸಿದ್ದೆನೆಂಬುದು ನಿವೃತ್ತಿಯಾದ ಮೇಲೆ ತಿಳಿಯಿತು. ತಿಳಿಸಿದ್ದು ಅಂಗೈಯಗಲದ ಒಂದು ಆಮೆ.

ನಡೆದ ಸಂಗತಿ ಹೀಗಿದೆ. 2023ರ ದೀಪಾವಳಿಯ ಹೊತ್ತಿಗೆ ಯಾರೋ ಸಂಬಂಧಿಕರು ನನ್ನ ಮೊಮ್ಮಗಳಿಗೆ ಎರಡು ಆಮೆಮರಿಗಳನ್ನು ಉಡುಗೊರೆಯಾಗಿ ತಂದುಕೊಟ್ಟರು. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ, ಹಸಿರು ಚಿಪ್ಪಿನ ಜಾತಿ. ಪೇಟೆಯಲ್ಲಿ ಅದನ್ನು ರೆಡ್ ಇಯರ್ಡ್ ಸ್ಲೈಡರ್ ಎನ್ನುತ್ತಾರೆ. ಮರಿಗಳು ಹಳೆಯ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿದ್ದವು. ಮಾರಿದವರು ಒಂದು ಪುಟ್ಟ ಪ್ಲಾಸ್ಟಿಕ್ ತೊಟ್ಟಿ, ಒಂದು ಡಬ್ಬಿ ಒಣ ಸೀಗಡಿ ಕೊಟ್ಟು, "ಇಷ್ಟೇ ಸಾಕು, ಇವು ಇದಕ್ಕಿಂತ ದೊಡ್ಡದಾಗುವುದಿಲ್ಲ" ಎಂದಿದ್ದರಂತೆ. ಮೊಮ್ಮಗಳು ಒಂದಕ್ಕೆ ಕೆಂಚ, ಇನ್ನೊಂದಕ್ಕೆ ಬೋರ ಎಂದು ಹೆಸರಿಟ್ಟಳು. ಹೆಸರುಗಳು ಹಳ್ಳಿಯವಾದ್ದರಿಂದ ನನಗೂ ಖುಷಿಯಾಯಿತು.

ಮೊದಲ ಕೆಲವು ವಾರ ಎರಡೂ ಚುರುಕಾಗಿ ತಿಂದವು. ಡಿಸೆಂಬರ್ ನಡುವಿನಲ್ಲಿ ಚಳಿ ಏರಿದಂತೆ ಮೊದಲು ಬೋರ, ನಂತರ ಕೆಂಚ ಆಹಾರ ಬಿಟ್ಟವು. ಹಾಕಿದ ಸೀಗಡಿ ನೀರಿನಲ್ಲಿ ಊದಿಕೊಂಡು ಮರುದಿನ ವಾಸನೆ ಬರುತ್ತಿತ್ತು. ಮಗು ದಿನವೂ ನನ್ನ ಬಳಿ ಬಂದು, "ತಾತಾ, ಬೋರ ಊಟ ಮಾಡಲಿಲ್ಲ" ಎನ್ನುತ್ತಿದ್ದಳು. ನಾನು ಪತ್ರಿಕೆಯಿಂದ ಕಣ್ಣೆತ್ತದೆ, "ಶೀತರಕ್ತ ಪ್ರಾಣಿ ಮಗೂ, ಚಳಿಗಾಲದಲ್ಲಿ ಶಿಶಿರನಿದ್ರೆ ಮಾಡುತ್ತದೆ. ಯುಗಾದಿಗೆ ಏಳುತ್ತದೆ" ಎಂದುಬಿಟ್ಟೆ. ಕಪ್ಪೆ, ಹಾವು, ಆಮೆ ಎಂದು ಬೆರಳು ಮಡಿಸಿ ಉದಾಹರಣೆಗಳನ್ನೂ ಕೊಟ್ಟೆ. ಒಮ್ಮೆ ಸೊಸೆ ಅನುಮಾನದಿಂದ, "ನಿದ್ದೆಯಾದರೆ ಕಣ್ಣು ಬಿಟ್ಟುಕೊಂಡು ಒದ್ದಾಡುವುದೇಕೆ ಮಾವ?" ಎಂದು ಕೇಳಿದಳು. ಅದಕ್ಕೂ ಏನೋ ಸಮಾಧಾನ ಹೇಳಿದೆ. ಮೇಷ್ಟ್ರ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ.

ಜನವರಿಯ ಮೂರನೆಯ ವಾರ ಬೋರ ಒಂದು ಪಕ್ಕಕ್ಕೆ ವಾಲಿಕೊಂಡು ತೇಲತೊಡಗಿತು. ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತಿದ್ದವು. ಎರಡನೆಯ ದಿನ ಬೆಳಿಗ್ಗೆ ಅದು ಸತ್ತಿತ್ತು. ಕೆಂಚನನ್ನು ಅದೇ ದಿನ ಸರೀಸೃಪಗಳನ್ನು ಬಲ್ಲ ಪಶುವೈದ್ಯರೊಬ್ಬರ ಬಳಿ ಒಯ್ದೆವು. ಅವರು ಆಮೆಯನ್ನು ನೋಡುವ ಮೊದಲೇ ಕೇಳಿದ ಪ್ರಶ್ನೆ, "ನೀರು ಎಷ್ಟು ಡಿಗ್ರಿ ಇದೆ?" ಸಾವಿರಾರು ಮಕ್ಕಳಿಗೆ ಉಷ್ಣಮಾಪಕ ಓದುವುದನ್ನು ಕಲಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಅಳೆದಾಗ ಬೆಳಗಿನ ನೀರು 19 ಡಿಗ್ರಿ ಸೆಲ್ಸಿಯಸ್ ಇತ್ತು.

ಮೊಮ್ಮಗಳು ನನ್ನನ್ನು ಏನೂ ಕೇಳಲಿಲ್ಲ. ಹಿತ್ತಲಿನ ದಾಸವಾಳದ ಬುಡದಲ್ಲಿ ಬೋರನನ್ನು ಹೂಳುವಾಗ ಮಾತ್ರ, "ಹಾಗಾದರೆ ಅದು ನಿದ್ದೆ ಮಾಡುತ್ತಿರಲಿಲ್ಲ ಅಲ್ಲವೇ ತಾತಾ?" ಎಂದಳು. "ಇಲ್ಲ ಮಗೂ, ನಾನು ಹೇಳಿದ್ದು ತಪ್ಪು" ಎಂದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಬೇಕಾಗಿದ್ದ ಮಾತು ಅದು.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಚಳಿಗಾಲದಲ್ಲಿ ಊಟ ಬಿಟ್ಟ ಸಾಕುಆಮೆಯನ್ನು "ನಿದ್ದೆ" ಎಂದು ಕೈಬಿಡುವುದೂ ತಪ್ಪು, ರುಚಿರುಚಿಯಾದುದನ್ನು ಬಾಯಿಗೆ ತುರುಕುವುದೂ ತಪ್ಪು. ಅದಕ್ಕೆ ಬೇಕಾದುದು ಬಿಸುಪು. ದೇಹ ಬೆಚ್ಚಗಾದರೆ ಹಸಿವು ತಾನಾಗಿ ಬರುತ್ತದೆ. ಬೆಚ್ಚಗಾಗದ ದೇಹಕ್ಕೆ ಹೋದ ತುತ್ತು ವಿಷವಾಗುತ್ತದೆ.

ಕಾರಣ ಸರಳ. ನಮ್ಮ ದೇಹ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಹೊರಗೆ ಚಳಿಯಿರಲಿ ಸೆಕೆಯಿರಲಿ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆಮೆಗೆ ಆ ಸೌಕರ್ಯವಿಲ್ಲ. ಅದರ ದೇಹದ ಶಾಖ ಸುತ್ತಲಿನ ನೀರು, ಬಿಸಿಲುಗಳ ಕೊಡುಗೆ. ಶೀತರಕ್ತ ಎಂಬ ಪದವೇ ದಾರಿತಪ್ಪಿಸುವಂಥದು. ಬಿಸಿಲಿಗೆ ಮೈಯೊಡ್ಡಿದ ಆಮೆಯ ರಕ್ತ ಬೆಚ್ಚಗೇ ಇರುತ್ತದೆ. ಪರಾವಲಂಬಿ ಶಾಖದ ಪ್ರಾಣಿ ಎಂದು ಕಲಿಸಿದ್ದರೆ ಚೆನ್ನಾಗಿತ್ತು. ಜೀರ್ಣಕ್ರಿಯೆಯೆಂದರೆ ಕಿಣ್ವಗಳ ಕೆಲಸ. ಶಾಖ ಹತ್ತು ಡಿಗ್ರಿ ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಹೊಟ್ಟೆಯಲ್ಲಿದ್ದ ಆಹಾರ ಅರಗದೆ ಉಳಿಯುತ್ತದೆ, ಕೊಳೆಯುತ್ತದೆ. ಆದ್ದರಿಂದಲೇ ತಂಪಾದ ಆಮೆ ಆಹಾರವನ್ನು ನಿರಾಕರಿಸುತ್ತದೆ. ಅದು ಹಟವಲ್ಲ, ಅದರ ದೇಹದ ವಿವೇಕ.

ಹಾಗಾದರೆ ಶಿಶಿರನಿದ್ರೆ ಸುಳ್ಳೇ? ಸುಳ್ಳಲ್ಲ. ಈ ಜಾತಿಯ ತವರು ಅಮೆರಿಕದ ಮಿಸಿಸಿಪಿ ನದಿಯ ಕಣಿವೆ ಮತ್ತು ಅದರ ಆಸುಪಾಸಿನ ಸೀಮೆ. ಅಲ್ಲಿ ನೀರು 10 ಡಿಗ್ರಿಗೂ ಕೆಳಗಿಳಿದಾಗ ಆಮೆ ಕೊಳದ ತಳಕ್ಕೆ ಹೋಗಿ ಬಹುತೇಕ ಅಲುಗದೆ ದಿನ ಕಳೆಯುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ. ಅಷ್ಟು ತಂಪಿನಲ್ಲಿ ದೇಹಕ್ಕೆ ಬೇಕಾಗುವ ಆಮ್ಲಜನಕವೂ ಬಹಳ ಕಡಿಮೆ. ಅದರ ಹತ್ತಿರದ ಬಂಧು, ಉತ್ತರ ಅಮೆರಿಕದ ಬಣ್ಣದಾಮೆಯಂತೂ ಹೆಪ್ಪುಗಟ್ಟಿದ ಕೊಳದ ಕೆಳಗೆ ತಿಂಗಳುಗಟ್ಟಲೆ ಉಳಿದು, ಮೈಯಲ್ಲಿ ಸೇರಿದ ಆಮ್ಲವನ್ನು ತನ್ನ ಚಿಪ್ಪಿನ ಸುಣ್ಣದ ಅಂಶದಿಂದಲೇ ಶಮನಗೊಳಿಸಿಕೊಳ್ಳುತ್ತದೆ. ಈ ಪ್ರಾಣಿಗಳು ಶರತ್ಕಾಲದಲ್ಲಿಯೇ ಉಣ್ಣುವುದನ್ನು ನಿಲ್ಲಿಸಿ, ಕರುಳನ್ನು ಖಾಲಿ ಮಾಡಿಕೊಂಡು, ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನೊಡನೆ ನಿದ್ರೆಗೆ ಹೋಗುತ್ತವೆ. ಅದೊಂದು ಸಿದ್ಧತೆಯಿರುವ ನಿದ್ರೆ.

ಬೆಂಗಳೂರಿನ ಚಳಿ ಅಂಥದಲ್ಲ. ಡಿಸೆಂಬರ್, ಜನವರಿಗಳಲ್ಲಿ ಇಲ್ಲಿನ ರಾತ್ರಿಯ ಕನಿಷ್ಠ ಶಾಖ ಸಾಮಾನ್ಯವಾಗಿ 15-16 ಡಿಗ್ರಿ. ಊರಿನ ದಾಖಲೆಯ ಚಳಿಯೇ 1884ರ ಜನವರಿಯಲ್ಲಿ 7.8 ಡಿಗ್ರಿ. ಮನೆಯೊಳಗಿನ ತೊಟ್ಟಿಯ ನೀರು 18ರಿಂದ 21ರ ನಡುವೆ ತೂಗಾಡುತ್ತದೆ. ನಿದ್ರೆಗೆ ಹೋಗುವಷ್ಟು ತಂಪಲ್ಲ; ಉಂಡದ್ದನ್ನು ಅರಗಿಸಿಕೊಳ್ಳುವಷ್ಟು ಬೆಚ್ಚಗೂ ಅಲ್ಲ. ಆಮೆ ಎಚ್ಚರವಾಗಿರುತ್ತದೆ, ಈಜುತ್ತದೆ, ಶಕ್ತಿ ಖರ್ಚು ಮಾಡುತ್ತದೆ, ಆದರೆ ಉಣ್ಣುವುದಿಲ್ಲ. ಜಮೆಯಿಲ್ಲದ ಖರ್ಚು. ರೋಗನಿರೋಧಕ ಶಕ್ತಿಯೂ ಶಾಖವನ್ನೇ ಅವಲಂಬಿಸಿರುವುದರಿಂದ ಅದೂ ಕುಗ್ಗುತ್ತದೆ. ಆಗ ಶ್ವಾಸಕೋಶಕ್ಕೆ ಸೋಂಕು ತಗುಲುತ್ತದೆ. ವಾಲಿಕೊಂಡು ತೇಲುವುದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು ಅದರ ಲಕ್ಷಣಗಳು. ಬೋರನಿಗೆ ಆದದ್ದು ಇದೇ ಎಂದು ವೈದ್ಯರು ಹೇಳಿದರು. ನಾನು ನಿದ್ರೆ ಎಂದದ್ದು ನ್ಯುಮೋನಿಯಾ ಆಗಿತ್ತು.

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಅವಯವಗಳನ್ನು ಒಳಗೆಳೆದುಕೊಂಡ ಆಮೆಯ ಹೋಲಿಕೆ ಬರುತ್ತದೆ. ಅದನ್ನು ಕೇಳಿ ಬೆಳೆದ ನಮಗೆ ಸುಮ್ಮನೆ ಕುಳಿತ ಆಮೆಯನ್ನು ಕಂಡರೆ ಶಾಂತಿಯೇ ಕಾಣುತ್ತದೆ. ಮಗು ಅಳುತ್ತದೆ, ನಾಯಿ ಕುಂಯ್‌ಗುಟ್ಟುತ್ತದೆ, ಹಸು ಅಂಬಾ ಎನ್ನುತ್ತದೆ. ಆಮೆ ಏನೂ ಹೇಳುವುದಿಲ್ಲ. ಆದುದರಿಂದ ಅದರ ಪರವಾಗಿ ಅಳೆಯುವ ಕೆಲಸ ನಮ್ಮದು.

ಈಗ ಮಾಡಬೇಕಾದುದನ್ನು ಹೇಳುತ್ತೇನೆ. ಕೆಂಚನ ಮೇಲೆ ನಾವು ಮಾಡಿದ, ವೈದ್ಯರು ಹೇಳಿಕೊಟ್ಟ ಕ್ರಮ ಇದು.

ಮೊದಲನೆಯದು ಉಷ್ಣಮಾಪಕ. ಆಮೆ ಸಾಕುವವರ ಮನೆಯಲ್ಲಿ ಆಹಾರದ ಡಬ್ಬಿಗಿಂತ ಮೊದಲು ಇರಬೇಕಾದ ವಸ್ತು ಅದು. ಕೈಯಿಂದ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ನಮ್ಮ ಕೈಗೆ ಹಿತವಾದ ತಂಪು ಆಮೆಗೆ ಅಪಾಯದ ತಂಪು. ಅಳೆಯಬೇಕಾದುದು ಬೆಳಗಿನ ಜಾವದಲ್ಲಿ, ನೀರು ಅತ್ಯಂತ ತಣ್ಣಗಿರುವಾಗ. ಬೆಳೆದ ಆಮೆಗೆ 24ರಿಂದ 26 ಡಿಗ್ರಿ, ಮರಿಗಳಿಗೆ 26ರಿಂದ 28 ಡಿಗ್ರಿ ನೀರು ಬೇಕು.

ಎರಡನೆಯದು ನೀರು ಕಾಯಿಸುವ ಹೀಟರು. ಮೀನಿನ ತೊಟ್ಟಿಗೆ ಬಳಸುವ, ತಾನಾಗಿ ಆರಿ ಹೊತ್ತಿಕೊಳ್ಳುವ ಹೀಟರು ಸಾಕು. ಆದರೆ ಮೀನಿನಂತೆ ಆಮೆ ಸುಮ್ಮನಿರುವುದಿಲ್ಲ, ಗುದ್ದಿ ಗಾಜನ್ನು ಒಡೆಯುತ್ತದೆ. ಸುತ್ತ ತೂತುಗಳಿರುವ ಪ್ಲಾಸ್ಟಿಕ್ ಕವಚ ಇರಲೇಬೇಕು. ನೀರು ಬದಲಿಸುವ ಮೊದಲು, ಕೈ ಹಾಕುವ ಮೊದಲು ಪ್ಲಗ್ ತೆಗೆಯುವುದನ್ನು ಮರೆಯಬಾರದು. ಈ ಕೆಲಸ ಮಕ್ಕಳದಲ್ಲ, ದೊಡ್ಡವರದು. ತಣ್ಣಗಾದ ಆಮೆಯನ್ನು ಒಮ್ಮೆಗೇ ಬಿಸಿನೀರಿಗೆ ಹಾಕಬಾರದು. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಬೇಕು.

ಖರ್ಚಿನ ಮಾತು ಬರುತ್ತದೆಂದು ಬಲ್ಲೆ. ನೂರು ವಾಟಿನ ಹೀಟರು ದಿನಕ್ಕೆ ಹನ್ನೆರಡು ಗಂಟೆ ಉರಿದರೂ 1.2 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯಂತೆ ಹಿಡಿದರೂ ದಿನಕ್ಕೆ 8 ರೂಪಾಯಿ 40 ಪೈಸೆ. ಹೋಟೆಲಿನ ಒಂದು ಲೋಟ ಕಾಫಿಗೂ ಕಡಿಮೆ. ಆ ಖರ್ಚನ್ನು ಮಾಡಲಾರದವರು ಆಮೆಯನ್ನು ತರಬಾರದು ಎಂಬುದು ನನ್ನ ಖಚಿತ ನಿಲುವು.

ಮೂರನೆಯದು ಬಿಸಿಲು. ನೀರಿನಿಂದ ಮೇಲೆ ಹತ್ತಿ ಪೂರ್ತಿ ಒಣಗಲು ಒಂದು ಕಲ್ಲೋ ಹಲಗೆಯೋ ಬೇಕು. ಅದರ ಮೇಲೆ ಸಾಧಾರಣ ಬಲ್ಬನ್ನು ಎತ್ತರ ಸರಿಪಡಿಸಿ ಇಟ್ಟು, ಕಲ್ಲಿನ ಮೇಲಿನ ಶಾಖ 30ರಿಂದ 32 ಡಿಗ್ರಿ ಬರುವಂತೆ ನೋಡಿಕೊಳ್ಳಬೇಕು. ಹೀಗೆ ಮೈ ಕಾಯಿಸಿಕೊಂಡೇ ಆಮೆ ಉಂಡದ್ದನ್ನು ಅರಗಿಸುತ್ತದೆ. ಇದರ ಜೊತೆಗೆ ಅತಿನೇರಳೆ ಕಿರಣವೂ ಅಗತ್ಯ. ಅದಿಲ್ಲದೆ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುವುದಿಲ್ಲ, ಸುಣ್ಣದ ಅಂಶ ಚಿಪ್ಪಿಗೆ ಹಿಡಿಯುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಆ ಕಿರಣ ಉಳಿದಿರುವುದಿಲ್ಲ ಎಂಬುದನ್ನು ನೆನಪಿಡಿ. ಅದಕ್ಕೆಂದೇ ಸಿಗುವ ದೀಪವನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಬಹುದು. ನಮ್ಮ ನಾಡಿನ ಭಾಗ್ಯವೆಂದರೆ, ಚಳಿಗಾಲದಲ್ಲೂ ಬೆಳಿಗ್ಗೆ ಹತ್ತು ಗಂಟೆಗೆ ಹಿತವಾದ ಬಿಸಿಲಿರುತ್ತದೆ. ಅಗಲವಾದ ಟಬ್ಬಿನಲ್ಲಿ ಬೆಚ್ಚನೆಯ ನೀರು, ಒಂದು ಕಲ್ಲು, ಅರ್ಧ ಭಾಗಕ್ಕೆ ನೆರಳು, ಪಕ್ಕದಲ್ಲಿ ಕಾವಲಿಗೆ ಒಬ್ಬರು ಇದ್ದರೆ ಅರ್ಧ ಗಂಟೆಯ ಬಿಸಿಲು ಅಮೃತ. ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಇಡಬೇಡಿ; ಅದು ಒಲೆಯಂತೆ ಕಾಯುತ್ತದೆ. ಕಾವಲಿಲ್ಲದೆಯೂ ಬಿಡಬೇಡಿ; ಹದ್ದು, ಕಾಗೆ, ಬೆಕ್ಕುಗಳಿವೆ.

ನಾಲ್ಕನೆಯದು, ಎಲ್ಲಕ್ಕೂ ಕೊನೆಯದು, ಆಹಾರ. ನೀರು, ಬಿಸಿಲು ಸರಿಹೋಗಿ ನಾಲ್ಕಾರು ದಿನ ಕಳೆದ ಮೇಲೆ, ಆಮೆ ಮೈ ಕಾಯಿಸಿಕೊಂಡು ನೀರಿಗಿಳಿದ ಹೊತ್ತಿನಲ್ಲಿ ಸ್ವಲ್ಪವೇ ಕೊಡಬೇಕು. ಬೆಳಗಿನ ಹೊತ್ತು ಉತ್ತಮ. ಅರಗಿಸಿಕೊಳ್ಳಲು ಹಗಲಿಡೀ ಶಾಖವಿರುತ್ತದೆ. ಈ ಜಾತಿಯ ಆಮೆ ನೀರಿನೊಳಗಲ್ಲದೆ ನುಂಗಲಾರದು. ಆಹಾರವನ್ನು ಕಲ್ಲಿನ ಮೇಲಿಟ್ಟು ತಿನ್ನಲಿಲ್ಲವೆಂದು ಕೊರಗಬಾರದು. ಅಲುಗುವ ವಸ್ತು ಹಸಿವನ್ನು ಕೆಣಕುತ್ತದೆ. ಗೊಬ್ಬರ, ಕೀಟನಾಶಕ ಬೀಳದ ಮಣ್ಣಿನಿಂದ ತೆಗೆದು ತೊಳೆದ ಒಂದು ಎರೆಹುಳು, ಡಬ್ಬಿಯ ಆಹಾರ ಮಾಡಲಾರದ ಕೆಲಸವನ್ನು ಮಾಡುತ್ತದೆ. ಒಣ ಗುಳಿಗೆಯನ್ನು ಸೀಗಡಿ ನೆನೆಸಿದ ನೀರಿನಲ್ಲಿ ಅದ್ದಿ ಕೊಟ್ಟರೆ ವಾಸನೆಗೆ ಬರುವುದುಂಟು. ತುರಿದ ಗಜ್ಜರಿ, ಸಿಹಿಗುಂಬಳ, ಲೆಟ್ಯೂಸ್ ಎಲೆ ಕೊಡಬಹುದು. ಪಾಲಕ್ ಸೊಪ್ಪಿನ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಡುವುದರಿಂದ ಅದು ನಿತ್ಯದ ಆಹಾರವಾಗಬಾರದು. ಅನ್ನ, ಬ್ರೆಡ್ಡು, ಹಾಲು ಬೇಡವೇ ಬೇಡ. ಬರೀ ಒಣ ಸೀಗಡಿಯ ಮೇಲೆ ಬೆಳೆದ ಆಮೆಗೆ ಎ ಜೀವಸತ್ವದ ಕೊರತೆಯಿಂದ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ. ಕಾಣದ ಆಹಾರವನ್ನು ಅದು ಹೇಗೆ ತಿಂದೀತು? ಅಂಥ ಕಣ್ಣಿಗೆ ವೈದ್ಯರೇ ಬೇಕು.

ಹತ್ತು ಹದಿನೈದು ನಿಮಿಷದಲ್ಲಿ ತಿನ್ನದ್ದನ್ನು ತೆಗೆದುಬಿಡಬೇಕು. ಬೇರೆ ಟಬ್ಬಿನಲ್ಲಿ, ಅದೇ ಶಾಖದ ನೀರಿನಲ್ಲಿ ಉಣ್ಣಿಸಿದರೆ ತೊಟ್ಟಿಯ ನೀರು ಕೆಡುವುದಿಲ್ಲ. ಆ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬಾರದು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದ್ದು, ಮಕ್ಕಳು ಅವುಗಳಿಂದ ಕಾಯಿಲೆ ಬೀಳುತ್ತಿದ್ದ ಕಾರಣಕ್ಕೆ. ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು.

ಇನ್ನೊಂದು ಅಭ್ಯಾಸವನ್ನು ಮೊಮ್ಮಗಳಿಗೆ ಹಚ್ಚಿದೆ. ಪ್ರತಿ ಭಾನುವಾರ ಆಮೆಯನ್ನು ಅದಕ್ಕೆಂದೇ ಮೀಸಲಾದ ಚಿಕ್ಕ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುವುದು. ಬೆಳೆದ ಆರೋಗ್ಯವಂತ ಆಮೆ ಕೆಲವು ದಿನ ಉಣ್ಣದಿದ್ದರೆ ಪ್ರಾಣಾಪಾಯವಿಲ್ಲ. ಪ್ರಾಯದ ಆಮೆಗೆ ಎರಡು ಮೂರು ದಿನಕ್ಕೊಮ್ಮೆ ಆಹಾರ ಸಾಕು. ಆದರೆ ತೂಕ ವಾರವಾರ ಇಳಿಯುತ್ತಿದ್ದರೆ, ಅಥವಾ ನೀರು ಬೆಚ್ಚಗಾಗಿ ಹತ್ತು ದಿನವಾದರೂ ತುತ್ತು ಮುಟ್ಟದಿದ್ದರೆ, ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಮೇಲೆ ಹೇಳಿದ ನ್ಯುಮೋನಿಯಾ ಲಕ್ಷಣಗಳು ಕಂಡರೆ ಅದೇ ದಿನ. ಮರಿಗಳ ವಿಷಯದಲ್ಲಿ ಇನ್ನೂ ಬೇಗ. ಬಾಯಿ ಬಿಡಿಸಿ ತುರುಕುವ ಸಾಹಸ ಯಾರೂ ಮಾಡಬಾರದು.

ಕೆಂಚನಿಗೆ ಮುಂಗಾಲಿನ ಭಾಗಕ್ಕೆ ಕೆಲವು ಸೂಜಿಮದ್ದುಗಳಾದವು. ನೀರು 28 ಡಿಗ್ರಿಗೆ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ಅದು ಎರೆಹುಳುವಿನ ತುಂಡೊಂದನ್ನು ಕಚ್ಚಿ ಎಳೆಯಿತು. ಮೊಮ್ಮಗಳು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದರು. ನಾನು ಸುಮ್ಮನೆ ಕುಳಿತು ನೋಡಿದೆ. ನನ್ನ ಕಣ್ಣು ಮಂಜಾದದ್ದು ಸಂತೋಷಕ್ಕೆ ಮಾತ್ರವೇ ಎಂದು ಹೇಳಲಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ನಮ್ಮ ಗಾದೆ ಅಂದು ನನಗೆ ಚೆನ್ನಾಗಿ ಅರ್ಥವಾಯಿತು.

ಈ ಅಭಿಪ್ರಾಯಕ್ಕೆ ಆಕ್ಷೇಪಗಳೂ ಬಂದಿವೆ. "ನಿಸರ್ಗದಲ್ಲಿ ಆಮೆಗೆ ಯಾರು ಹೀಟರು ಇಡುತ್ತಾರೆ?" ಎಂದು ನನ್ನ ಭಾವಮೈದುನರು ಕೇಳುತ್ತಾರೆ. ನಿಸರ್ಗದ ಆಮೆ ತನಗೆ ಬೇಕಾದ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಮೇಲೆ ತಂಪಾದರೆ ತಳಕ್ಕೆ ಹೋಗುತ್ತದೆ, ಬಿಸಿಲು ಕಂಡರೆ ಮರದ ದಿಮ್ಮಿ ಹತ್ತುತ್ತದೆ. ನಾವು ಅದನ್ನು ನಾಲ್ಕು ಗೋಡೆಗಳ ತೊಟ್ಟಿಯಲ್ಲಿ ಕೂಡಿಹಾಕಿ, ಆಮೇಲೆ ನಿಸರ್ಗದ ನ್ಯಾಯ ಹೇಳುವುದು ಸರಿಯಲ್ಲ. ಆಯ್ಕೆಯನ್ನು ಕಸಿದುಕೊಂಡವರು ಹೊಣೆಯನ್ನೂ ಹೊರಬೇಕು. ವಿದೇಶದಲ್ಲಿರುವ ಶಿಷ್ಯರು, ಅಲ್ಲಿ ಕೆಲವರು ಸಾಕುಆಮೆಗಳನ್ನು ಬೇಕೆಂದೇ ಚಳಿನಿದ್ರೆಗೆ ಕಳಿಸುತ್ತಾರೆ ಎಂದು ಬರೆದಿದ್ದಾರೆ. ನಿಜ. ಆದರೆ ಅದು ಬೆಳೆದ, ಆರೋಗ್ಯವಂತ ಆಮೆಗೆ, ಕರುಳು ಖಾಲಿಯಾದ ಮೇಲೆ, ಹತ್ತು ಡಿಗ್ರಿಗೂ ಕೆಳಗಿನ ಸ್ಥಿರವಾದ ತಂಪಿನಲ್ಲಿ, ಅನುಭವಿಗಳು ಮಾಡುವ ಕೆಲಸ. ನಮ್ಮ ಬಾಲ್ಕನಿಯ ಬಕೆಟ್ಟಿನಲ್ಲಿ ಅದು ನಡೆಯದು.

ಬಿ.ಎಡ್. ತರಗತಿಯಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅವರ ಕಲಿಕೆಯ ಮೂರು ನಿಯಮಗಳನ್ನು ನಾವೆಲ್ಲ ಉರುಹೊಡೆದಿದ್ದೆವು: ಸಿದ್ಧತೆ, ಅಭ್ಯಾಸ, ಪರಿಣಾಮ. ಸಿದ್ಧವಿಲ್ಲದ ಜೀವಿಯನ್ನು ಬಲವಂತಪಡಿಸಿದರೆ ಹಿಂಸೆಯಾಗುತ್ತದೆ ಎಂಬುದು ಮೊದಲ ನಿಯಮದ ಸಾರ. ಆ ನಿಯಮ ನನಗೆ ತಿಳಿಯದ್ದೇನಲ್ಲ. ಡಿಸೆಂಬರಿನ ಬೆಳಿಗ್ಗೆ ಮಂಜು ಕವಿದು, ನೀವು ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗದೆ ಕುಳಿತಿರುತ್ತಿದ್ದಾಗ, ಮೊದಲ ಅವಧಿಯನ್ನು ಶಾಲೆಯ ಹಿಂದಿನ ಬಿಸಿಲಿಗೆ ಒಯ್ಯುತ್ತಿದ್ದೆನಲ್ಲ, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮುಖ್ಯೋಪಾಧ್ಯಾಯರು ಗೊಣಗಿದರೂ ಬಿಡಲಿಲ್ಲ. ಅರ್ಧ ಗಂಟೆ ಬೆನ್ನಿಗೆ ಬಿಸಿಲು ಬಿದ್ದ ಮೇಲೆ ನೀವು ತಾನಾಗಿ ಪ್ರಶ್ನೆ ಕೇಳುತ್ತಿದ್ದಿರಿ. ಮಕ್ಕಳ ವಿಷಯದಲ್ಲಿ ತಿಳಿದಿದ್ದ ಮಾತು ಆಮೆಯ ವಿಷಯದಲ್ಲಿ ಹೊಳೆಯಲಿಲ್ಲ. ಪುಸ್ತಕದ ಒಂದು ಪದ ಅಡ್ಡ ನಿಂತಿತ್ತು.

ಕೊನೆಯದಾಗಿ ಎರಡು ಮಾತು. ಈ ಬರಹ ಈಗಾಗಲೇ ಮನೆಯಲ್ಲಿರುವ ಆಮೆಗಳಿಗಾಗಿ. ಹೊಸದಾಗಿ ತರಲು ಪ್ರೋತ್ಸಾಹವಲ್ಲ. ನಮ್ಮ ನಾಡಿನ ನಕ್ಷತ್ರ ಆಮೆ, ಕೆರೆಗಳ ಆಮೆಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥದ್ದು ಯಾರಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಕೆಂಪು ಕಿವಿಯ ಈ ಹೊರನಾಡಿನ ಆಮೆಯೋ, ಮಾರುವವರು ಹೇಳುವಂತೆ ಚಿಕ್ಕದಾಗಿ ಉಳಿಯುವುದಿಲ್ಲ. ಹೆಣ್ಣು ಒಂದಡಿಯ ಹತ್ತಿರಕ್ಕೆ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕಬಲ್ಲದು. ಸಾಕಾಯಿತೆಂದು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವುದು ಪುಣ್ಯದ ಕೆಲಸವೆಂದು ಹಲವರು ತಿಳಿದಿದ್ದಾರೆ. ಅದು ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಬಿಸಿಲಿನ ಜಾಗವನ್ನೂ ಕಸಿಯುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿನ ಒಕ್ಕೂಟ 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. ತಪ್ಪು ಆಮೆಯದಲ್ಲ, ತಂದವರದು. ತಂದ ಮೇಲೆ ಅದರ ಆಯುಷ್ಯವಿಡೀ ಸಾಕುವುದು ನಮ್ಮ ಪಾಲಿನ ಕರ್ತವ್ಯ.

ನನಗೀಗ ಅರವತ್ತೇಳು. ಕೆಂಚ ನನಗಿಂತ ಹೆಚ್ಚು ಕಾಲ ಇರುತ್ತದೆ ಎಂಬುದು ಲೆಕ್ಕದ ಮಾತು. ಮೊಮ್ಮಗಳು ಅದನ್ನು ಅರಿತಿದ್ದಾಳೆ. ಈ ಸಲ ಕಾರ್ತಿಕ ಮಾಸ ಬರುವ ಮೊದಲೇ ಅವಳೇ ಹೀಟರನ್ನು ಪರೀಕ್ಷಿಸುವಂತೆ ಅಪ್ಪನಿಗೆ ಹೇಳಿದಳು. ತೂಕದ ಪುಸ್ತಕದ ಮೊದಲ ಪುಟದಲ್ಲಿ ಬೋರನ ಹೆಸರೂ ಇದೆ; ಅದರ ಮುಂದೆ ಅಂಕಿಗಳಿಲ್ಲ.

ಅಂದ ಹಾಗೆ, ಆ ಶಿಷ್ಯೆ ಅದೇ ಸಂಜೆ ಮತ್ತೆ ದೂರವಾಣಿ ಮಾಡಿದಳು. ಅವಳ ಮನೆಯ ನೀರು 20 ಡಿಗ್ರಿ ಇತ್ತಂತೆ. ಮರುದಿನ ಹೀಟರು ತಂದು, ನಿಧಾನವಾಗಿ ಶಾಖ ಏರಿಸುತ್ತಿದ್ದಾಳೆ. ಆಮೆ ಇನ್ನೂ ತುತ್ತು ಮುಟ್ಟಿಲ್ಲ. ಆದರೆ ನಿನ್ನೆ ತಾನಾಗಿ ಕಲ್ಲು ಹತ್ತಿ ಕುಳಿತಿತ್ತಂತೆ. ಶುಭಲಕ್ಷಣ ಎಂದು ಹೇಳಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆಮೆಯಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನೀರನ್ನು ಅಳೆಯಿರಿ. ನಿಮ್ಮ ಮೇಷ್ಟ್ರು ಕೊಡುತ್ತಿರುವ ಮನೆಗೆಲಸ ಇದು. ಉತ್ತರವನ್ನು ನನಗೆ ತಿಳಿಸಿ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತು,
ನಿಮ್ಮ ಜೀವಶಾಸ್ತ್ರದ ಮೇಷ್ಟ್ರು